ಪಾಲೆಯ ಕೆತ್ತೆ, ಛಾತಿಮದ ಹೂವು

ಕಳೆದ ದಸರಾ ರಜೆಯಲ್ಲಿ ನಾನು ಕಲಕತ್ತೆಗೆ ಹೋಗಿ ಬಂದದ್ದು ಗೊತ್ತಾದ ದಿನದಿಂದ ಸಂಘದ ಕಾರ್ಯದರ್ಶಿಗಳು ಬೆನ್ನು ಬಿಟ್ಟಿಲ್ಲ. "ಹೌರಾ ಸೇತುವೆಯ ಬಗ್ಗೆ ಬರಿ, ದುರ್ಗಾಪೂಜೆಯ ಬಗ್ಗೆ ಬರಿ, ಏನಾದರೂ ಬರಿ ಮಾರಾಯ" ಎಂದು ಹೇಳುತ್ತಲೇ ಇದ್ದಾರೆ. ಅವೆಲ್ಲವನ್ನೂ ನೋಡಿದ್ದೇನೆ, ನಿಜ. ಆದರೆ ಅವನ್ನು ನನಗಿಂತ ಚೆನ್ನಾಗಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಬರೆಯಬೇಕೆನಿಸಿದ್ದು ಒಂದು ಮರದ ಬಗ್ಗೆ. ವಾಣಿಜ್ಯ ವಿದ್ಯಾರ್ಥಿಗೆ ಮರದ ಉಸಾಬರಿ ಯಾಕೆ ಎಂದು ಓದುಗರು ಕೇಳಬಹುದು. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ನನ್ನ ಸೋದರಮಾವ ಬ್ಯಾಂಕಿನಲ್ಲಿದ್ದಾರೆ. ದಕ್ಷಿಣ ಕನ್ನಡದವರು ಬ್ಯಾಂಕಿನಲ್ಲಿದ್ದಾರೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ನಮ್ಮವರನ್ನು ಬ್ಯಾಂಕುಗಳು ಕಾಶ್ಮೀರದಿಂದ ಅಸ್ಸಾಮಿನವರೆಗೂ ಓಡಾಡಿಸಿವೆ. ಮಾವನಿಗೆ ಕಲಕತ್ತೆಗೆ ವರ್ಗವಾಗಿ ನಾಲ್ಕು ವರ್ಷವಾಯಿತು. ಮನೆ ಇರುವುದು ಸಾಲ್ಟ್ ಲೇಕಿನಲ್ಲಿ, ಮೂರನೇ ಮಾಳಿಗೆ. ಮಂಗಳೂರಿನಿಂದ ವಿವೇಕ ಎಕ್ಸ್‌ಪ್ರೆಸ್ಸು ಹತ್ತಿ, ಕೂತೂ ಕೂತೂ ಸೊಂಟ ಹಿಡಿದು, ಸಾಂತ್ರಾಗಾಛಿಯಲ್ಲಿ ಇಳಿದು ಅವರ ಮನೆ ಸೇರುವಾಗ ರಾತ್ರಿಯಾಗಿತ್ತು. ಪೂಜೆ ಮುಗಿದಿತ್ತು. ಬೀದಿಯಲ್ಲಿ ಪೆಂಡಾಲಿನ ಬಿದಿರು ಬಿಚ್ಚುತ್ತಿದ್ದರು. ಅತ್ತೆ ಊಟಕ್ಕೆ ಹಾಕಿದರು. ಆಗ ಕಿಟಕಿಯಿಂದ ಒಂದು ವಾಸನೆ ಬಂತು ನೋಡಿ. ಸಿಹಿ ಹೌದು, ಮಲ್ಲಿಗೆಯಂಥ ಸಿಹಿಯಲ್ಲ. ಭಾರ, ಗಂಟಲಿಗೆ ಹತ್ತುವಂಥದ್ದು. ಊಟದ ನಡುವೆಯೇ ಅತ್ತೆ ಎದ್ದು ಕಿಟಕಿ ಮುಚ್ಚಿದರು.

"ಇನ್ನೊಂದು ತಿಂಗಳು ಇದೇ ಅವಸ್ಥೆ. ನನಗೆ ತಲೆನೋವು ಬರ್ತದೆ. ಎಂತದೋ ಛಾತಿಮ್ ಅಂತೆ" ಎಂದರು ಮಾವ.

ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ಆ ಛಾತಿಮವನ್ನು ನೋಡಿದೆ. ಫುಟ್‌ಪಾತಿನ ಬದಿಯಲ್ಲಿ ಸಣ್ಣ ಕಟ್ಟೆ, ಅದರೊಳಗೆ ಮರ. ಕೊಂಬೆಗಳು ಅಂತಸ್ತು ಅಂತಸ್ತಾಗಿ, ಕೊಡೆಯ ಮೇಲೆ ಕೊಡೆ ಹಿಡಿದ ಹಾಗೆ. ಪ್ರತಿ ಗೆಲ್ಲಿನ ತುದಿಯಲ್ಲಿ ಹಸಿರು ಬಿಳಿ ಹೂವಿನ ಗುಚ್ಛ. ಗುಚ್ಛದ ಸುತ್ತ ಎಲೆಗಳು ಚಕ್ರದ ಅರಗಳಂತೆ ನಿಂತಿದ್ದವು. ಎಣಿಸಿದೆ: ಏಳು. ಇನ್ನೊಂದು ಗೆಲ್ಲು ಎಣಿಸಿದೆ: ಏಳು. ಮೂರನೆಯದರಲ್ಲಿ ಆರು. ಒಂದು ಎಲೆ ಕಿತ್ತೆ. ತೊಟ್ಟಿನಿಂದ ಬಿಳಿ ಹಾಲು ಒಸರಿ ಬೆರಳಿಗೆ ಅಂಟಿತು. ಹಾಲಿನ ಪ್ಯಾಕೆಟ್ಟು ಮರೆತು ಮೆಟ್ಟಲು ಹತ್ತಿ ಓಡಿದೆ.

"ಮಾವಾ, ಅದು ಪಾಲೆ! ನಮ್ಮ ಆಟಿ ಕಷಾಯದ ಪಾಲೆ!"

ಮಾವ ನಂಬಲಿಲ್ಲ. "ಹೋಗೋ. ನಾನು ಊರಲ್ಲಿ ಎಷ್ಟು ಆಟಿಗೆ ಕುಡಿದಿದ್ದೇನೆ, ನನಗೆ ಗೊತ್ತಾಗುವುದಿಲ್ಲವಾ?" ಎಂದರು. ಕೆಳಗೆ ಕರೆದುಕೊಂಡು ಹೋಗಿ ಎಲೆ ಎಣಿಸಿ ತೋರಿಸಿದ ಮೇಲೆ ಸುಮ್ಮನಾದರು. ಆಮೇಲೆ ಹೇಳಿದ ಮಾತು ಇಷ್ಟು: "ಕೆತ್ತೆ ನೋಡಿದ್ದೇನೆ. ಮರ ಸರಿಯಾಗಿ ನೋಡಿದ್ದು ಇವತ್ತೇ."

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ನಾವು ತುಳುನಾಡಿನವರು ಈ ಮರದ ತೊಗಟೆಯನ್ನು ಬಲ್ಲೆವು, ಮರವನ್ನು ಅರಿಯೆವು. ಸಾಲ್ಟ್ ಲೇಕಿನವರು ಮರವನ್ನು ಬಲ್ಲರು, ಅದರ ಹೂವಿಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ಅದರ ತೊಗಟೆ ಕುಡಿದವರು ಒಬ್ಬರೂ ಸಿಗಲಿಲ್ಲ. ಇಬ್ಬರದ್ದೂ ಅರ್ಧರ್ಧ ಲೆಕ್ಕ. ನಮ್ಮ ಅರ್ಧದಲ್ಲಿ ಪ್ರಾಣಾಪಾಯವಿದೆ.

ಮೊದಲು ಸಾಲ್ಟ್ ಲೇಕಿನ ಕತೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹೆಸರೇ ಹೇಳುವಂತೆ ಅದು ಉಪ್ಪುನೀರಿನ ಜೌಗು, ಮೀನು ಸಾಕುವ ಕೆರೆಗಳ ಜಾಗ. ಡಾಕ್ಟರ್ ಬಿಧಾನ್ ಚಂದ್ರ ರಾಯ್ ಮುಖ್ಯಮಂತ್ರಿಯಾಗಿದ್ದಾಗ, 1962ರಲ್ಲಿ, ಹೂಗ್ಲಿ ನದಿಯ ಹೂಳನ್ನು ಕೊಳವೆಯಲ್ಲಿ ತಂದು ಅಲ್ಲಿ ಸುರಿಯಲು ಆರಂಭಿಸಿದರು. ಕೆಲಸ ಯುಗೋಸ್ಲಾವಿಯದ ಕಂಪೆನಿಯದ್ದು. ಊರಿನ ನಕ್ಷೆ ಬರೆದವರೂ ಆ ದೇಶದವರೇ, ದೊಬ್ರಿವೊಯೆ ತೋಶ್ಕೋವಿಚ್. ಹಾಗಾಗಿ ಈಗ ಬಿಧಾನನಗರವೆಂದು ಕರೆಯುವ ಆ ಊರಿನ ಬೀದಿಗಳಲ್ಲಿ ಅಜ್ಜನ ಕಾಲದ ಮರವೆಂಬುದಿಲ್ಲ. ಹೂಳಿನ ಮೇಲೆ ಬೀದಿ ಎಳೆದು, ಬೀದಿಯ ಬದಿಯಲ್ಲಿ ಸಸಿ ನೆಟ್ಟದ್ದು. ಬೇಗ ಬೆಳೆಯುವ, ವರ್ಷವಿಡೀ ಹಸಿರಾಗಿರುವ, ದನ ಬಾಯಿ ಹಾಕದ, ಆಕಾರ ಚಂದವಿರುವ ಮರ ಬೇಕಿದ್ದರೆ ಛಾತಿಮಕ್ಕಿಂತ ಒಳ್ಳೆಯದು ಯಾವುದುಂಟು? ಪಶ್ಚಿಮ ಬಂಗಾಳದ ರಾಜ್ಯವೃಕ್ಷವೂ ಅದೇ. ಶಾಂತಿನಿಕೇತನದ ಮೂಲವೂ ಈ ಮರದ ಬುಡದಲ್ಲೇ ಇದೆ. ರವೀಂದ್ರರ ತಂದೆ ದೇವೇಂದ್ರನಾಥ ಠಾಕೂರರು ಎರಡು ಛಾತಿಮ ಮರಗಳ ನೆರಳಿಗೆ ಮನಸೋತು 1863ರಲ್ಲಿ ಅಲ್ಲಿ ಜಾಗ ಪಡೆದರಂತೆ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವೀಧರರಿಗೆ ಕೊಡುವ ಎಲೆಯೂ ಇದರದ್ದೇ. ನಮ್ಮಲ್ಲಿ ಕಷಾಯ, ಅಲ್ಲಿ ಪದವಿ!

ಹೆಸರುಗಳನ್ನು ನೋಡಿ. ಸಂಸ್ಕೃತದಲ್ಲಿ ಸಪ್ತಪರ್ಣ, ಸಪ್ತಚ್ಛದ. ಕನ್ನಡದಲ್ಲಿ ಹಾಲೆ, ಏಳೆಲೆ ಹಾಲೆ, ಮದ್ದಾಲೆ. ತುಳುವಿನಲ್ಲಿ ಪಾಲೆ. ಮಲಯಾಳದಲ್ಲಿ ಏಳಿಲಂಪಾಲ, ಅಲ್ಲಿ ಅದರ ಮೇಲೆ ಯಕ್ಷಿ ವಾಸವಾಗಿದ್ದಾಳೆ, ಹೂ ಬಿಟ್ಟ ರಾತ್ರಿ ಗಂಡಸರು ಅದರ ಕೆಳಗೆ ಹೋಗಬಾರದು. ಕಾಳಿದಾಸನು ರಘುವಂಶದ ನಾಲ್ಕನೇ ಸರ್ಗದಲ್ಲಿ ಇದರ ಹೂವಿನ ವಾಸನೆಯನ್ನು ಆನೆಯ ಮದದ ವಾಸನೆಗೆ ಹೋಲಿಸಿದ್ದಾನೆ. ಕಿಟಕಿ ಮುಚ್ಚಿದ ಅತ್ತೆಗೆ ಇದನ್ನು ಹೇಳಿದೆ. "ಆನೆ ಬೀದಿಯಲ್ಲಿದ್ದರೂ ಕಿಟಕಿ ಮುಚ್ಚಲೇಬೇಕಲ್ಲ" ಎಂದರು. ಇನ್ನು ಶಾಸ್ತ್ರೀಯ ಹೆಸರು: ಆಲ್ಸ್ಟೋನಿಯ ಸ್ಕಾಲಾರಿಸ್. ಆಲ್ಸ್ಟನ್ ಎಂಬವರು ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸ್ಕಾಲಾರಿಸ್ ಎಂದರೆ ಶಾಲೆಗೆ ಸೇರಿದ್ದು: ಇದರ ಹಗುರ ಮರದ ಹಲಗೆಯ ಮೇಲೆ ಹಿಂದೆ ಮಕ್ಕಳು ಅಕ್ಷರ ತಿದ್ದುತ್ತಿದ್ದರು. ಕನ್ನಡ ಶಾಲೆಯಲ್ಲಿ ಸ್ಲೇಟು ಹಿಡಿದು ಕಲಿತ ನನಗೆ ಈ ಹೆಸರು ಬಹಳ ಹಿಡಿಸಿತು.

ಈ ಹೆಸರುಗಳಲ್ಲಿ ಎರಡು ಗುರುತುಗಳು ಅಡಗಿವೆ, ಗಮನಿಸಿದಿರಾ? ಒಂದು ಏಳು ಎಲೆ. ಇನ್ನೊಂದು ಹಾಲು, ಹಾಲೆ, ಪಾಲೆ ಎಂಬ ಮಾತಿನಲ್ಲೇ ಹಾಲಿದೆ. ಮರ ಗುರುತಿಸುವ ಪಾಠವನ್ನು ಹಿರಿಯರು ಹೆಸರಿನಲ್ಲೇ ಕಟ್ಟಿಟ್ಟಿದ್ದಾರೆ. ಈಗ ನಮ್ಮ ಆಚರಣೆಗೆ ಬರೋಣ.

ಘಟ್ಟದ ಮೇಲಿನ ಸ್ನೇಹಿತರಿಗಾಗಿ ವಿವರಿಸುತ್ತೇನೆ. ಆಟಿ ಎಂದರೆ ತುಳುವರ ಆಷಾಢ, ಸುಮಾರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಳೆ ಬಿಡದ, ಹಿಂದಿನ ಕಾಲದಲ್ಲಿ ಕಣಜ ಬರಿದಾಗುತ್ತಿದ್ದ, ಕಾಯಿಲೆಯ ತಿಂಗಳು. ಅದರ ಅಮಾವಾಸ್ಯೆ, ಅಂದರೆ ನಿಮ್ಮ ಭೀಮನ ಅಮಾವಾಸ್ಯೆಯ ದಿನ, ಪಾಲೆ ಮರದ ತೊಗಟೆಯಲ್ಲಿ ಸಾವಿರದೊಂದು ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಸೂರ್ಯ ಮೂಡುವ ಮೊದಲೇ ಹೋಗಿ ತರಬೇಕು. ಕತ್ತಿ ತಾಗಿಸಬಾರದು, ಬೆಣಚುಕಲ್ಲಿನಿಂದ ಜಜ್ಜಿ ತೆಗೆಯಬೇಕು. ಹೋಗುವ ಗಂಡಸು ಬತ್ತಲೆಯಾಗಿರಬೇಕು ಎಂಬ ಕಟ್ಟಳೆಯೂ ಉಂಟು. ನಮ್ಮ ಕಾಲಕ್ಕೆ ಅದು ಚಡ್ಡಿಗೆ ಇಳಿದಿದೆ. ತಂದ ಕೆತ್ತೆಯನ್ನು, ಕೆತ್ತೆಯೆಂದರೆ ತುಳುವಿನಲ್ಲಿ ತೊಗಟೆ, ಗುದ್ದಿ ರಸ ಹಿಂಡಿ, ಬೆಳ್ಳುಳ್ಳಿ, ಓಮ, ಒಳ್ಳೆಮೆಣಸು, ಅರಸಿನ ಹಾಕುತ್ತಾರೆ. ಬೆಣಚುಕಲ್ಲನ್ನೇ ಒಲೆಯಲ್ಲಿ ಕೆಂಪಗೆ ಕಾಯಿಸಿ ಅದಕ್ಕೆ ಚುಂಯ್ ಎಂದು ಅದ್ದಿ ಒಗ್ಗರಣೆ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಒಂದು ಸಣ್ಣ ಲೋಟ. ಕಹಿ ಎಂದರೆ ಎಂಥ ಕಹಿ! ನಾಲಗೆಯಿಂದ ಹೋಗಲು ಮಧ್ಯಾಹ್ನವಾಗಬೇಕು. ಮೇಲಿಂದ ಮೈ ತಂಪಾಗಲೆಂದು ಮೆಂತೆ ಗಂಜಿ. ನಮ್ಮ ಬಾಲ್ಯವೆಲ್ಲ ಆ ಮೆಂತೆ ಗಂಜಿಯ ಆಸೆಗೆ ಕಷಾಯ ಕುಡಿದದ್ದು.

ಇನ್ನು ನಾನು ಯಾರಿಗೂ ಹೇಳದ ವಿಷಯ.

ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಪುತ್ತೂರಿನಿಂದ ಒಳಗೆ. ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಕೆತ್ತೆ ತರುವ ಗಂಡಸರು ಮನೆಯಲ್ಲಿ ಯಾರೂ ಇರಲಿಲ್ಲ. "ನಾನು ತರ್ತೇನೆ ಅಜ್ಜೀ" ಎಂದು ಎದೆ ಉಬ್ಬಿಸಿ ಹೇಳಿದೆ. ಹಿಂದಿನ ಎರಡು ವರ್ಷ ದೊಡ್ಡವರ ಹಿಂದೆ ಹೋಗಿದ್ದೆ. ಮರ ಎಲ್ಲಿದೆ ಎಂದು ಗೊತ್ತು ಎಂದುಕೊಂಡಿದ್ದೆ. ಬೆಳಗಿನ ಜಾವ ನಾಲ್ಕೂವರೆ. ಜಡಿಮಳೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಲ್ಲು, ಬಗಲಲ್ಲಿ ಅಡಿಕೆ ಹಾಳೆ. ಕಟ್ಟಪುಣಿ ದಾಟಿ, ತೋಡಿನ ಬದಿಗೆ ಹೋಗಿ, ಬೂದುಬಣ್ಣದ ದಪ್ಪ ಕಾಂಡ ಕಂಡಲ್ಲಿ ಜಜ್ಜತೊಡಗಿದೆ. ಟಾರ್ಚಿನ ಬೆಳಕು ಎದೆಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ತಲೆ ಎತ್ತಿದರೆ ಕಣ್ಣಿಗೆ ಮಳೆ. ಹಾಳೆ ತುಂಬ ಕೆತ್ತೆ ತಂದು ಅಜ್ಜಿಯ ಮುಂದಿಟ್ಟೆ.

ಅಜ್ಜಿ ಕಲ್ಲಿನಲ್ಲಿ ಗುದ್ದಲು ಆರಂಭಿಸಿದರು. ನಾಲ್ಕು ಪೆಟ್ಟಿಗೆ ಕೈ ನಿಂತಿತು. ಒಂದು ಚೂರನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು, ದೀಪದ ಹತ್ತಿರ ಹಿಡಿದರು. ಆಮೇಲೆ ಎಲ್ಲವನ್ನೂ ಬಾಚಿ ಹಾಳೆಗೆ ಹಾಕಿ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಹೊಂಡ ತೋಡುವ ಸದ್ದು ಕೇಳಿಸಿತು. ಬಂದು ಕಲ್ಲನ್ನು ಬೂದಿ ಹಾಕಿ ಮೂರು ಸಲ ತೊಳೆದರು. "ಈ ವರ್ಷ ಮರ ಹಾಲು ಬಿಡಲಿಲ್ಲ ಮಗಾ. ಮುನಿಸಿಕೊಂಡಿದೆ. ಗಂಜಿ ಉಣ್ಣು" ಎಂದರು. ಅಷ್ಟೆ.

ನಾನು ಕಹಿ ತಪ್ಪಿತೆಂದು ಕುಣಿದುಕೊಂಡು ಗಂಜಿ ಉಂಡೆ. ಸಂಜೆ ಮಳೆ ಬಿಟ್ಟಾಗ ಏನೋ ಮನಸ್ಸಿಗೆ ಬಂದು ತೋಡಿನ ಬದಿಗೆ ಹೋದೆ. ನಾನು ಜಜ್ಜಿದ ಗಾಯ ಮರದ ಮೇಲೆ ಹಾಗೆಯೇ ಇತ್ತು. ತಲೆ ಎತ್ತಿ ನೋಡಿದೆ. ಎಲೆಗಳು ಏಳೇಳಿರಲಿಲ್ಲ. ಎರಡೆರಡು, ಎದುರುಬದುರು. ಗುಂಡಗೆ, ಮಿರಿಮಿರಿ ಮಿನುಗುವ ಎಲೆ, ಪ್ರತಿ ಎಲೆಯ ಬುಡದಿಂದ ಉದ್ದಕ್ಕೆ ಹರಿದ ನರಗಳು. ಅದು ಕಾಯೆರ್. ಕನ್ನಡದಲ್ಲಿ ಕಾಸರಕ. ಪಾಲೆ ಅದರಿಂದ ಹದಿನೈದು ಹೆಜ್ಜೆ ಆಚೆಗಿತ್ತು.

ಕಾಸರಕವೆಂದರೆ ಏನೆಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಅದರ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ಘೋರ ವಿಷವಿದೆ. ತೊಗಟೆಯಲ್ಲಿ ಅದೂ, ಅದರ ತಮ್ಮನಂತಿರುವ ಬ್ರೂಸೀನ್ ಎಂಬುದೂ ಇವೆ. ನಮ್ಮ ಮೈಯ ಸ್ನಾಯು ಬಿಗಿಯುವುದಕ್ಕೂ ಸಡಿಲುವುದಕ್ಕೂ ಬೆನ್ನುಹುರಿಯಲ್ಲಿ ಒಂದು ತಾಳವಿದೆಯಲ್ಲ, ಅದರಲ್ಲಿ 'ಸಡಿಲು' ಎಂಬ ಅಪ್ಪಣೆಯನ್ನೇ ಸ್ಟ್ರಿಕ್ನೀನ್ ತಡೆದುಬಿಡುತ್ತದೆ. ಸಣ್ಣ ಶಬ್ದಕ್ಕೂ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಕೊನೆಗೆ ಉಸಿರಾಡುವ ಸ್ನಾಯುಗಳೂ ಬಿಗಿದು ಮನುಷ್ಯ ಸಾಯುತ್ತಾನೆ, ಅದೂ ಪೂರ್ಣ ಎಚ್ಚರವಿರುವಾಗಲೇ. ಇಷ್ಟೆಲ್ಲ ನಾನು ಓದಿಕೊಂಡದ್ದು ಪಿಯುಸಿಗೆ ಬಂದ ಮೇಲೆ, ಲೈಬ್ರರಿಯಲ್ಲಿ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಆ ದಿನ ಕಷಾಯಕ್ಕೆ ಕಾದು ಕೂತವರು ಆರು ಮಂದಿ, ಇಬ್ಬರು ನನಗಿಂತ ಚಿಕ್ಕವರು.

ಈ ತಪ್ಪು ನನ್ನೊಬ್ಬನದ್ದಲ್ಲ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಔಷಧದಂಗಡಿಗಳಲ್ಲಿ ಆಂಗೊಸ್ತುರ ಎಂಬ ಕಹಿ ತೊಗಟೆ ಜ್ವರಕ್ಕೆಂದು ಮಾರಾಟವಾಗುತ್ತಿತ್ತು, ದಕ್ಷಿಣ ಅಮೆರಿಕದಿಂದ ಬರುವಂಥದ್ದು. ಕುಡಿದವರಲ್ಲಿ ಕೆಲವರು ಸೆಟೆದು ಬಿದ್ದರು. ಹುಡುಕಿದಾಗ ಅದರಲ್ಲಿ ಬೇರೊಂದು ತೊಗಟೆ ಬೆರೆತಿತ್ತು. ಅದಕ್ಕೆ ಸುಳ್ಳು ಆಂಗೊಸ್ತುರ ಎಂದು ಹೆಸರಿಟ್ಟರು. 1819ರಲ್ಲಿ ಪ್ಯಾರಿಸಿನ ಪೆಲ್ತಿಯೇ ಮತ್ತು ಕಾವೆಂತೂ ಎಂಬ ಇಬ್ಬರು ಅದರಿಂದ ಒಂದು ವಿಷ ಬೇರ್ಪಡಿಸಿದರು. ಆ ತೊಗಟೆ ಆಫ್ರಿಕದ ಬ್ರೂಸಿಯ ಎಂಬ ಗಿಡದ್ದೆಂದು ಭಾವಿಸಿ ಬ್ರೂಸೀನ್ ಎಂದು ಕರೆದರು. ಅದೂ ತಪ್ಪು! ಅದು ನಮ್ಮ ತೋಡಿನ ಬದಿಯ ಕಾಸರಕದ ತೊಗಟೆ ಎಂದು ಆಮೇಲೆ ತಿಳಿಯಿತು. ಅಂದರೆ ವಿಷಕ್ಕೆ ಇವತ್ತಿಗೂ ಇರುವ ಹೆಸರು ಒಂದು ಮರವನ್ನು ಇನ್ನೊಂದೆಂದು ತಿಳಿದ ತಪ್ಪಿನ ಗುರುತು. ಆ ಇಬ್ಬರೇ ಮರುವರ್ಷ, 1820ರಲ್ಲಿ, ಸಿಂಕೋನ ತೊಗಟೆಯಿಂದ ಕ್ವಿನೈನ್ ತೆಗೆದರು. ಒಂದು ತೊಗಟೆ ಕೊಲ್ಲುತ್ತದೆ, ಒಂದು ಬದುಕಿಸುತ್ತದೆ. ಒಣಗಿ ಚೂರಾದ ಮೇಲೆ ಎರಡೂ ಬೂದುಬಣ್ಣದ ಕಹಿ ಚಕ್ಕೆಗಳೇ.

ತೊಗಟೆಯ ವ್ಯಾಪಾರದಲ್ಲಿ ಇದು ಹೊಸತಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಸರಕಿನ ಮೇಲೆ ಗುರುತಿಲ್ಲ, ಕೊಳ್ಳುವವನಿಗೆ ಪರೀಕ್ಷಿಸುವ ಉಪಾಯವಿಲ್ಲ. ಸ್ತ್ರೀಯರ ಕಾಯಿಲೆಗೆ ಬಳಸುವ ಅಶೋಕದ ತೊಗಟೆಯ ಗತಿ ನೋಡಿ. ನಿಜವಾದ ಅಶೋಕಕ್ಕೆ ಕೆಂಪು ಕಿತ್ತಳೆ ಹೂಗೊಂಚಲು. ಬಂಗಲೆ, ಆಫೀಸುಗಳ ಮುಂದೆ ಕಂಬದಂತೆ ನೆಟ್ಟಗೆ ನಿಲ್ಲುವ, ನಾವು ಅಶೋಕವೆನ್ನುವ, ಬಂಗಾಳಿಗಳು ದೇಬದಾರು ಎನ್ನುವ ಮರ ಅದಲ್ಲ. ಅದರ ಸಂಬಂಧಿಕನೂ ಅಲ್ಲ. ಆದರೂ ಅದರ ತೊಗಟೆಯನ್ನು ಅಶೋಕದ ತೊಗಟೆಯೊಂದಿಗೆ ಬೆರೆಸಿ ಮಾರುತ್ತಾರೆ. ಅಲ್ಲಿ ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಪಾಲೆಯ ವಿಷಯದಲ್ಲಿ ತಪ್ಪಿದರೆ ಹೋಗುವುದು ಹಣವಲ್ಲ.

ಸರಿಯಾದ ಪಾಲೆಯ ತೊಗಟೆಯೇ ಸಿಕ್ಕಿತು ಎನ್ನೋಣ. ಅದರಲ್ಲಿ ನಿಜಕ್ಕೂ ಏನಿದೆ? ಚರಕಸಂಹಿತೆ ಸಪ್ತಪರ್ಣವನ್ನು ಚರ್ಮರೋಗ ಕಳೆಯುವ ಹತ್ತು ದ್ರವ್ಯಗಳ ಗಣದಲ್ಲಿ ಎಣಿಸಿದೆ. ವೈದ್ಯರು ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, ಭೇದಿಗೆ, ಹೊಟ್ಟೆಹುಳಕ್ಕೆ ಕೊಡುತ್ತಿದ್ದರು. ಮರದ ಹಾಲನ್ನು ಮಾಗದ ಹುಣ್ಣಿಗೆ ಹಚ್ಚುತ್ತಿದ್ದರು. ಇಂಗ್ಲಿಷರೂ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು: 1868ರ ಇಂಡಿಯಾದ ಫಾರ್ಮಕೋಪಿಯಾದಲ್ಲಿ, ಅಂದರೆ ಸರಕಾರಿ ಔಷಧಸೂಚಿಯಲ್ಲಿ, ಈ ತೊಗಟೆ ಸೇರಿದೆ. ಫಿಲಿಪ್ಪೀನ್ಸಿನಲ್ಲಿ ಇದಕ್ಕೆ ದಿತಾ ಎಂದು ಹೆಸರು; ದಿತಾ ತೊಗಟೆಯ ಸತ್ವ ಕ್ವಿನೈನಿಗೆ ಸಾಟಿ ಎಂದು ಆ ಶತಮಾನದಲ್ಲಿ ದೊಡ್ಡ ಸುದ್ದಿಯಾಗಿತ್ತು. ಕ್ವಿನೈನಿಗೆ ದುಬಾರಿ ಬೆಲೆ, ಈ ಮರವೋ ಬೀದಿಯ ಬದಿಯಲ್ಲಿ. ಆಸೆ ಹುಟ್ಟುವುದು ಸಹಜವೇ.

ಆಸೆ ನಿಲ್ಲಲಿಲ್ಲ. ಮಲೇರಿಯಾದ ಕತೆಯಲ್ಲಿ ಕಲಕತ್ತೆ ದೊಡ್ಡ ಊರು. ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಕ್ಕಿಗೆ ರೋಗ ಸಾಗುವ ದಾರಿಯನ್ನು ರೊನಾಲ್ಡ್ ರಾಸ್ 1898ರಲ್ಲಿ ಪೂರ್ತಿ ಕಂಡುಕೊಂಡದ್ದು ಅಲ್ಲಿಯೇ. ಮಾವ ಒಂದು ಭಾನುವಾರ ಅದರ ಸ್ಮಾರಕ ತೋರಿಸಿದರು. ಅದೇ ಊರಿನ ಟ್ರಾಪಿಕಲ್ ಮೆಡಿಸಿನ್ ಶಾಲೆಯ ಪ್ರೊಫೆಸರ್ ರಾಮನಾಥ ಚೋಪ್ರಾ ದೇಶೀಯ ಮದ್ದುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ 1933ರಲ್ಲಿ ದೊಡ್ಡ ಪುಸ್ತಕ ತಂದರು. ಸಪ್ತಪರ್ಣವೂ ಅದರಲ್ಲಿದೆ. ಆ ಕಾಲದ ಪರೀಕ್ಷೆಗಳಲ್ಲಿ ಕಂಡದ್ದು ಇಷ್ಟು: ಎಕಿಟಮೀನ್ ಮೊದಲಾದ ಇದರ ಕ್ಷಾರಗಳು ಮಲೇರಿಯಾದ ಕ್ರಿಮಿಯನ್ನು ಕ್ವಿನೈನ್ ಕೊಂದಂತೆ ಕೊಲ್ಲುವುದಿಲ್ಲ. ಕಹಿಯಿದ್ದದ್ದೆಲ್ಲ ಕ್ವಿನೈನ್ ಅಲ್ಲ. ಹಾಗೆಂದು ಮರದ ಕತೆ ಮುಗಿಯಲಿಲ್ಲ. ಕೇಂದ್ರ ಸರಕಾರದ ಆಯುರ್ವೇದ ಸಂಶೋಧನಾ ಪರಿಷತ್ತು 1980ರ ಸುಮಾರಿಗೆ ಮಲೇರಿಯಾಕ್ಕೆಂದೇ ಆಯುಷ್-64 ಎಂಬ ಮಾತ್ರೆ ತಯಾರಿಸಿತು. ಸಪ್ತಪರ್ಣದ ತೊಗಟೆ, ಕಟುಕಿ, ಕಿರಾತಕಡ್ಡಿ, ಗಜ್ಜುಗ ಅದರಲ್ಲಿವೆ. 2021ರ ಏಪ್ರಿಲಿನಲ್ಲಿ ಅದನ್ನೇ ಕೋವಿಡ್ಡಿನ ಸೌಮ್ಯ ಲಕ್ಷಣದವರಿಗೆ ಎಂದು ಮತ್ತೆ ಹೊರತೆಗೆದರು. ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೊಮ್ಮೆ ಒಂದು ಸಣ್ಣ ಲೋಟ, ಮನೆಯವರೆಲ್ಲ ಸೇರಿ ಕುಡಿಯುವುದು ಒಂದು ಹಬ್ಬ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಕೊಟ್ಟ ಮಾತ್ರೆ ನುಂಗುವುದು ಬೇರೆ ವಿಷಯ. ಎರಡು ಖಾತೆಗಳನ್ನು ಒಂದೇ ಪುಟದಲ್ಲಿ ಬರೆಯಬಾರದು. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಈ ಕಷಾಯ ಬೇಡವೇ ಬೇಡ.

ಈಗ ಮರ ಗುರುತಿಸುವ ಮಾತು. ಹಾಲು ಮೊದಲ ಪರೀಕ್ಷೆ: ಕಾಸರಕದಲ್ಲಿ ಹಾಲಿಲ್ಲ. ಅಜ್ಜಿಯ ಕೈ ನಿಂತದ್ದು ಅದಕ್ಕೇ; ಪಾಲೆಯಾಗಿದ್ದರೆ ನಾಲ್ಕು ಪೆಟ್ಟಿಗೆ ಕಲ್ಲು ಅಂಟಾಗಬೇಕಿತ್ತು. ಆದರೆ ಹಾಲೊಂದನ್ನೇ ನಂಬಬೇಡಿ. ಪಾಲೆಯ ಬಳಗದಲ್ಲೇ ಹಾಲು ಸುರಿಸುವ ವಿಷದ ಮರಗಳುಂಟು. ಕೇರಳದವರು ಒತಳಂ ಎನ್ನುವ, ಹಿನ್ನೀರಿನ ಬದಿಯಲ್ಲಿ ಬೆಳೆಯುವ ಮರದ ಹಾಲು ಕೂಡ ಬೆಳ್ಳಗೇ ಇರುತ್ತದೆ. ಅದರ ಕಾಯಿಯ ತಿರುಳು ಹೃದಯವನ್ನು ನಿಲ್ಲಿಸುತ್ತದೆ. ಅದರ ಎಲೆಗಳೂ ಗೆಲ್ಲಿನ ತುದಿಯಲ್ಲಿ ಗುಂಪಾಗಿರುತ್ತವೆ, ಆದರೆ ಸುರುಳಿ ಮೆಟ್ಟಲಿನಂತೆ ಒಂದರ ಮೇಲೊಂದು. ಪಾಲೆಯಲ್ಲಿ ಹಾಗಲ್ಲ, ಒಂದೇ ಗಂಟಿನಿಂದ ಚಕ್ರದಂತೆ ಸುತ್ತಲೂ ಹೊರಡುತ್ತವೆ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ನಾಲ್ಕೈದರಿಂದ ಎಂಟರವರೆಗೆ. ಎಲೆಯ ಮೇಲ್ಭಾಗ ಕಡುಹಸಿರು, ಕೆಳಭಾಗ ಮಾಸಲು. ನಡುನರದಿಂದ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಅಡ್ಡನರಗಳು. ಕಾಯಿಗಳು ಜೋಡಿ ಜೋಡಿಯಾಗಿ ನೂಲಿನಂತೆ ಉದ್ದಕ್ಕೆ ಜೋತಾಡುತ್ತವೆ. ಇದೆಲ್ಲವೂ ಹಗಲಿನಲ್ಲಿ, ತಲೆ ಎತ್ತಿ ನೋಡಿದರೆ ಮಾತ್ರ ಕಾಣುವಂಥದ್ದು. ನಮ್ಮ ಕಟ್ಟಳೆಯೋ ಕತ್ತಲಲ್ಲಿ ಹೋಗು ಎನ್ನುತ್ತದೆ. ಕಾಡಿನ ನಡುವೆಯೇ ಬದುಕಿ, ಕಣ್ಣು ಕಟ್ಟಿದರೂ ಮರ ಮುಟ್ಟಿ ಹೇಳುತ್ತಿದ್ದವರು ಮಾಡಿದ ಕಟ್ಟಳೆ ಅದು. ಮೊಬೈಲಿನ ಬೆಳಕಿನಲ್ಲಿ ಹೋಗುವ ನಮ್ಮಂಥವರಿಗಲ್ಲ.

ಇನ್ನೊಂದು ಮಾತು. ಮರದ ಸುತ್ತಲೂ ಬಳೆಯಂತೆ ಕೆತ್ತೆ ತೆಗೆದರೆ ಮರ ಸಾಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ದಾರಿಯಲ್ಲಿ. ಪೇಟೆಯ ಹತ್ತಿರದ ಪಾಲೆಗಳ ಮೈ ನೋಡಿದರೆ ಅಳು ಬರುತ್ತದೆ.

ಮತ್ತೆ ಸಾಲ್ಟ್ ಲೇಕಿಗೆ. ನಾನು ಹೊರಡುವ ಎರಡು ದಿನ ಮುಂಚೆ ಕೆಳಮನೆಯವರು ಒಂದು ಅರ್ಜಿ ಹಿಡಿದುಕೊಂಡು ಬಂದರು. ಬೀದಿಯ ಛಾತಿಮಗಳನ್ನು ಕಡಿಸಬೇಕು, ಆಗದಿದ್ದರೆ ಹೂ ಬಿಡುವ ಮೊದಲು ಗೆಲ್ಲು ಸವರಿಸಬೇಕು ಎಂದು. ಅವರ ಮಗುವಿಗೆ ಈ ಕಾಲದಲ್ಲಿ ಉಬ್ಬಸ ಏಳುತ್ತದೆ. ರಾತ್ರಿ ಅದು ಕೆಮ್ಮುವುದನ್ನು ನಾನೂ ಕೇಳಿದ್ದೆ, ಸುಳ್ಳಲ್ಲ. ಮಾವ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಕೊನೆಗೆ ಕಡಿಯುವ ಸಾಲನ್ನು ಹೊಡೆದುಹಾಕಿ, ಅವರ ಒಪ್ಪಿಗೆ ಪಡೆದು, ಮನೆಯ ಕಿಟಕಿಗೆ ತಾಗುವ ಗೆಲ್ಲು ಸವರುವುದಕ್ಕೆ ಮಾತ್ರ ಸಹಿ ಹಾಕಿದರು. ಅತ್ತೆಗೆ ಅಷ್ಟು ಸಮಾಧಾನವಾಗಲಿಲ್ಲ. ಅವರ ತಲೆನೋವಿಗೆ ಯಾರೂ ಅರ್ಜಿ ಬರೆದಿರಲಿಲ್ಲ ನೋಡಿ.

ಆ ರಾತ್ರಿ ಬಾಲ್ಕನಿಯಲ್ಲಿ ಕೂತು ನಾನು ಮಾವನಿಗೆ ಎಂಟನೇ ಕ್ಲಾಸಿನ ಆಟಿಯ ಕತೆ ಹೇಳಿದೆ. ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಾವ ಕೇಳಿ ಮುಗಿಸಿ, "ನನಗೆ ಗೊತ್ತುಂಟು" ಎಂದರು.

"ಹೇಗೆ?"

"ಅದೇ ದಿನ ಅಮ್ಮ ಫೋನು ಮಾಡಿದ್ದು. ಹುಡುಗ ಕಾಯೆರ್ ತಂದಿದ್ದಾನೆ, ಅವನಿಗೆ ಹೇಳಬೇಡ, ಹೇಳಿದರೆ ಇನ್ನು ಗುಡ್ಡಕ್ಕೆ ಹೋಗುವುದಿಲ್ಲ, ಮರದ ಹತ್ತಿರ ಹೋಗಲಿಕ್ಕೆ ಹೆದರ್ತಾನೆ ಅಂತ."

ಅಜ್ಜಿ ನನ್ನಿಂದ ಮುಚ್ಚಿಟ್ಟರು, ನಾನು ಅಜ್ಜಿಯಿಂದ ಮುಚ್ಚಿಟ್ಟೆ. ಮರುವರ್ಷದ ಆಟಿಯಲ್ಲಿ ಅವರು ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ, "ಬಾ ಮಗಾ, ಮರಕ್ಕೆ ಹೇಳಿ ಬರುವ" ಎಂದು ನನ್ನನ್ನು ತೋಡಿನ ಬದಿಗೆ ಕರೆದುಕೊಂಡು ಹೋಗಿದ್ದರು. ಎಲೆ ಎಣಿಸು ಎಂದಿದ್ದರು. ಎಣಿಸಿದೆ. ತೊಟ್ಟು ಮುರಿದು ಹಾಲು ನೋಡು ಎಂದಿದ್ದರು. ನೋಡಿದೆ. ಆಮೇಲೆ ಸೆರಗಿನಿಂದ ಒಂದು ತುಂಡು ಹಳೆಯ ಬಿಳಿ ಬಟ್ಟೆ ತೆಗೆದು ಕಾಂಡಕ್ಕೆ ಕಟ್ಟಿದರು. ಅದು ಏನೋ ಪೂಜೆಯ ಕ್ರಮವಿರಬೇಕೆಂದು ನಾನು ಇಷ್ಟು ವರ್ಷ ತಿಳಿದಿದ್ದೆ.

ಈ ಆಟಿಯಲ್ಲೂ ಕಟ್ಟಿ ಬಂದೆ. ಸಾಲ್ಟ್ ಲೇಕಿನ ಮರದ ಕೆತ್ತೆ ತೆಗೆಯಲೋ ಎಂದು ಮಾವ ಫೋನಿನಲ್ಲಿ ಕೇಳಿದರು. ಮರ ಅದೇ, ಆದರೆ ದಿನವಿಡೀ ಬಸ್ಸಿನ ಹೊಗೆ ಕುಡಿದ ಮರ, ಬೇಡ ಮಾವ ಎಂದೆ. ಲೇಕ್ ಮಾರ್ಕೆಟ್ಟಿನಿಂದ ಕುಚ್ಚಲಕ್ಕಿ ಹುಡುಕಿ ತಂದು ಅತ್ತೆ ಮೆಂತೆ ಗಂಜಿ ಮಾತ್ರ ಮಾಡಿದರಂತೆ.